ಹಳೆ ಕೋವಿಗೆ ಹೊಸ ಹೊಳಪು ಬೇಡ

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಯನ್ನು ತುಕ್ಕು ದಶಕಗಟ್ಟಲೆ ತಿಂದರೂ ಅದರ ಗುರುತುಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಎಮರಿ ಪೇಪರ್ ಹಿಡಿದ ಕೈ ಆ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತದೆ. ಅಟ್ಟದಲ್ಲಿ ಸಿಕ್ಕಿದ ಮುತ್ತಜ್ಜನ ಕೋವಿಯನ್ನು ಲೇತ್ ಅಂಗಡಿಗೆ ಒಯ್ದು ಬಫಿಂಗ್ ಮಾಡಿಸಿ, ಮರಕ್ಕೆ ವಾರ್ನಿಷ್ ಹೊಡೆಸಿ, ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ ಪಡಸಾಲೆಯ ಗೋಡೆಗೆ ಏರಿಸಿದಾಗ ಮನೆಮಂದಿಗೆ ಆಗುವ ಹಿಗ್ಗು ನಿಜವಾದದ್ದೇ. ಆದರೆ ತಯಾರಿಸಿದವರ ಮುದ್ರೆ, ಪಡೆಯ ಸಂಖ್ಯೆ, ಊರ ಕಮ್ಮಾರ ಹಾಕಿದ ತೇಪೆ, ಹಿಡಿದು ಹಿಡಿದು ಸವೆದ ಜಾಗ ಇವೆಲ್ಲ ಆ ಹೊಳಪಿನ ಜೊತೆಗೇ ಪುಡಿಯಾಗಿ ನೆಲಕ್ಕೆ ಬಿದ್ದಿರುತ್ತವೆ. ಹಳೆಯದನ್ನು ಉಳಿಸುವುದೆಂದರೆ ಅದನ್ನು ಹೊಸದರಂತೆ ಮಾಡುವುದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಲ್ಲಿನ ಗುಡಿಗೆ ಎನಾಮೆಲ್ ಬಣ್ಣ ಬಳಿಯುವುದೂ ಇದೇ ನಂಬಿಕೆಯಿಂದ. ಹಳೆ ಕೋವಿಯ ಮಟ್ಟಿಗೆ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಕೋವಿಯನ್ನು ಈಗಿರುವ ಸ್ಥಿತಿಯಲ್ಲಿ ನಿಲ್ಲಿಸುವುದೇ ನಿಜವಾದ ಕಸುಬು, ಹೆಚ್ಚು ಕಷ್ಟದ ಕಸುಬು ಕೂಡ. ಇದನ್ನು ಪರೀಕ್ಷಿಸಿ ನೋಡಲು ಆಂಧ್ರದ ಕರಾವಳಿಯಷ್ಟು ಕಠಿಣವಾದ ಜಾಗ ಸಿಗುವುದು ಅಪರೂಪ. ವಿಶಾಖಪಟ್ಟಣದಲ್ಲಿ ಉಪ್ಪುಗಾಳಿ, ವಿಜಯವಾಡದಲ್ಲಿ ಬೇಸಿಗೆಯ ಉರಿ ಮತ್ತು ಮಳೆಗಾಲದ ತೇವ. ಕಬ್ಬಿಣಕ್ಕೂ ಮರಕ್ಕೂ ಇವು ಒಂದಕ್ಕಿಂತ ಒಂದು ಕೆಟ್ಟವು.

ಕನ್ನಡಿಗರಿಗೆ ಈ ನೆಲ ಹೊಸದಲ್ಲ. ಪಂಪನ ಪೂರ್ವಿಕರು ವೆಂಗಿ ಮಂಡಲದವರು. ವಿಜಯವಾಡದ ಇಂದ್ರಕೀಲಾದ್ರಿಯಲ್ಲೇ ಅರ್ಜುನ ತಪಸ್ಸು ಮಾಡಿ ಶಿವನಿಂದ ಪಾಶುಪತಾಸ್ತ್ರ ಪಡೆದನೆಂದು ಅಲ್ಲಿನ ಸ್ಥಳಪುರಾಣ ಹೇಳುತ್ತದೆ. ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯ ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆಯನ್ನು ಗೆದ್ದು ಮುಂದೆ ಸಾಗಿದ. ವಿಶಾಖಪಟ್ಟಣಕ್ಕೆ ತಾಗಿಕೊಂಡಿರುವ ಸಿಂಹಾಚಲದಲ್ಲಿ ಅವನು ದೇವರಿಗೆ ಒಡವೆ ಒಪ್ಪಿಸಿದ್ದಕ್ಕೆ 1516ರ ಶಾಸನ ಸಾಕ್ಷಿಯಾಗಿದೆ. ನಾಲ್ಕು ವರ್ಷಗಳ ನಂತರ, 1520ರ ರಾಯಚೂರು ಯುದ್ಧದಲ್ಲಿ, ಪೋರ್ಚುಗೀಸ್ ಕೋವಿಕಾರರು ಕೋಟೆಗೋಡೆಯ ಮೇಲಿದ್ದ ಕಾವಲಿನವರನ್ನು ಗುರಿಯಿಟ್ಟು ಉರುಳಿಸಿ ರಾಯನ ಗೆಲುವಿಗೆ ನೆರವಾದ ಸಂಗತಿಯನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ಬತ್ತಿಯ ಕೋವಿ ದಕ್ಷಿಣದ ಯುದ್ಧಗಳಲ್ಲಿ ತನ್ನ ಬೆಲೆ ತೋರಿಸಿದ ಮೊದಮೊದಲ ಸಂದರ್ಭಗಳಲ್ಲಿ ಅದೊಂದು.

ಹದಿನೆಂಟನೇ ಶತಮಾನಕ್ಕೆ ಬಂದರೆ ಕೃಷ್ಣೆಯಿಂದ ಮೇಲಕ್ಕೆ ಇಡೀ ಕರಾವಳಿಯೇ ಕೋವಿಗಳ ಕಣವಾಗಿತ್ತು. 1757ರ ಜನವರಿ 24ರಂದು ಫ್ರೆಂಚ್ ಸೇನಾನಿ ಬುಸ್ಸಿ ವಿಜಯನಗರಂ ರಾಜನ ಪರವಾಗಿ ಬೊಬ್ಬಿಲಿ ಕೋಟೆಗೆ ಮುತ್ತಿಗೆ ಹಾಕಿದ. ಆ ದಿನದ ರಕ್ತಪಾತವೂ ಬೊಬ್ಬಿಲಿಯವರಿಗಾಗಿ ತಾಂಡ್ರ ಪಾಪಾರಾಯುಡು ತೀರಿಸಿಕೊಂಡ ಸೇಡೂ ತೆಲುಗರ ಬಾಯಲ್ಲಿ ಇಂದಿಗೂ ಹಾಡಾಗಿ ಉಳಿದಿವೆ. ಮರುವರ್ಷ ಡಿಸೆಂಬರಿನಲ್ಲಿ ಚಂದುರ್ತಿ ಬಯಲಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದರು. 1759ರ ಏಪ್ರಿಲಿನಲ್ಲಿ ಮಚಲೀಪಟ್ಟಣ ಅವರ ಕೈಸೇರಿತು, 1766ರಲ್ಲಿ ಕೊಂಡಪಲ್ಲಿಯೂ ಹೋಯಿತು. 1794ರ ಜುಲೈ 10ರಂದು ವಿಶಾಖಪಟ್ಟಣದ ಸಮೀಪದ ಪದ್ಮನಾಭಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯೊಂದಿಗೆ ಕಾದಾಡಿ ವಿಜಯನಗರಂನ ರಾಜ ವಿಜಯರಾಮರಾಜ ಮಡಿದ. ಈ ಯುದ್ಧಗಳಲ್ಲೆಲ್ಲ ಕಾಲಾಳುಗಳ ಕೈಯಲ್ಲಿ ಇದ್ದವು ಬಾಯಿಂದ ಮದ್ದು ತುಂಬುವ ಕೋವಿಗಳೇ. ಸೋತವರ ಆಯುಧಗಳು ಗೆದ್ದವರ ಉಗ್ರಾಣ ಸೇರಿದವು, ಜಮೀನ್ದಾರರ ಅರಮನೆಗಳಿಗೆ ಹೋದವು, ಬೆಟ್ಟದ ಹಳ್ಳಿಗಳಿಗೂ ಜಾರಿದವು. ವಿಶಾಖಪಟ್ಟಣದ ಕಡಲತಡಿಯ ರಸ್ತೆಯಲ್ಲಿ ಹಳೆಯ ಡಚ್ ಬಂಗಲೆಯೊಳಗೆ 1991ರಿಂದ ನಡೆದುಬಂದ ವಿಶಾಖ ಮ್ಯೂಸಿಯಂನಲ್ಲಿ ಆಯುಧಗಳ ಸಂಗ್ರಹವಿದೆ. ವಿಜಯವಾಡದ ಬಾಪು ಮ್ಯೂಸಿಯಂನಲ್ಲೂ ಇದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ 1887ರಲ್ಲಿ ಶುರುವಾದ ಅದೇ ಕಟ್ಟಡದಲ್ಲಿ 1921ರಲ್ಲಿ ಪಿಂಗಳಿ ವೆಂಕಯ್ಯ ತಾವು ರೂಪಿಸಿದ ಧ್ವಜವನ್ನು ಗಾಂಧೀಜಿಗೆ ತೋರಿಸಿದ್ದರು.

ಉಳಿಸಬೇಕಾದ್ದು ಏನೆಂದು ತಿಳಿಯಲು ಈ ಕೋವಿ ಕೆಲಸ ಮಾಡುವ ರೀತಿಯನ್ನು ತಿಳಿದಿರಬೇಕು. ಅಳತೆಯ ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನೂ ಕಾಗದವನ್ನೋ ಬಟ್ಟೆಯನ್ನೋ ಇಟ್ಟು, ಗಜವೆಂಬ ಉದ್ದ ಕೋಲಿನಿಂದ ತಳ ಮುಟ್ಟುವಂತೆ ಜಡಿಯುತ್ತಾರೆ. ನಳಿಗೆಯ ಬುಡದ ಪಕ್ಕದಲ್ಲಿ ಸೂಜಿ ತೂರುವಷ್ಟು ದೊಡ್ಡದೊಂದು ತೂತು ಇರುತ್ತದೆ, ಅದೇ ಕೋವಿಯ ಕಿವಿ. ಕಿವಿಯ ಹೊರಗಿಟ್ಟ ಚಿಟಿಕೆ ಮದ್ದಿಗೆ, ಅಂದರೆ ರಂಜಕಕ್ಕೆ, ಬೆಂಕಿ ತಗುಲಿದರೆ ಒಳಗಿನ ಮದ್ದು ಹೊತ್ತಿ ಈಡು ಹಾರುತ್ತದೆ. ಬೆಂಕಿ ತಗುಲಿಸುವ ಬಗೆಯಲ್ಲಷ್ಟೇ ಕಾಲಕಾಲಕ್ಕೆ ಬದಲಾವಣೆ ಆಯಿತು: ಮೊದಲು ಹೊಗೆಯಾಡುವ ಬತ್ತಿ, ಆಮೇಲೆ ಉಕ್ಕಿನ ಪಟ್ಟಿಗೆ ಬಡಿದು ಕಿಡಿ ಉದುರಿಸುವ ಚಕಮಕಿ ಕಲ್ಲು, 1830–40ರ ದಶಕಗಳಲ್ಲಿ ಕುದುರೆ ಎಂಬ ಸಣ್ಣ ಸುತ್ತಿಗೆ ಬಡಿದರೆ ಸಿಡಿಯುವ ತಾಮ್ರದ ಕೇಪು. ಮಲೆನಾಡಿನವರು ಇಂದಿಗೂ ಕೇಪಿನ ಕೋವಿ ಎನ್ನುವುದು ಈ ಕೊನೆಯದನ್ನೇ. ನಳಿಗೆಯ ಒಳಗೋಡೆ ನುಣುಪಾಗಿದ್ದರೆ ಅದು ಸಾದಾ ಕೋವಿ, ಒಳಗೆ ಸುರುಳಿಯಾಗಿ ಗೆರೆ ಕೊರೆದಿದ್ದರೆ ರೈಫಲ್. ಕಂಪನಿಯ ಸಿಪಾಯಿಗಳು ಹೊತ್ತ 39 ಅಂಗುಲ ನಳಿಗೆಯ ಬ್ರೌನ್ ಬೆಸ್ ನುಣುಪು ನಳಿಗೆಯದ್ದು, ಅದರ ಗುರಿ ನೂರು ಗಜ ದಾಟಿದರೆ ನೆಚ್ಚುವಂತಿರಲಿಲ್ಲ. 1853ರ ಎನ್‌ಫೀಲ್ಡ್ ರೈಫಲ್‌ನಲ್ಲಿ ಮೂರು ಗೆರೆಗಳಿದ್ದವು, ಅದರ ಗುರಿಪಟ್ಟಿಯನ್ನು 900 ಗಜದವರೆಗೆ ಏರಿಸಬಹುದಿತ್ತು. 1857ರಲ್ಲಿ ಕೊಬ್ಬು ಸವರಿದ ತೋಟೆಯ ವಿಷಯಕ್ಕೆ ಸಿಪಾಯಿಗಳು ತಿರುಗಿಬಿದ್ದರು ಎನ್ನುವಾಗ ನಾವು ನೆನೆಯುವ ಬಂದೂಕು ಇದೇ.

ವಾದದ ಮೊದಲ ಆಧಾರ ಸಿಗುವುದು ಇಲ್ಲಿ. ದಂಗೆಯ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ರೈಫಲ್ ಕೊಡಲು ಹೆದರಿದರು. ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಕಾಣುವ, ಆದರೆ ಒಳಗೆ ಗೆರೆಯಿಲ್ಲದ ನುಣುಪು ನಳಿಗೆಯ ಕೋವಿಗಳನ್ನು ಅವರಿಗಾಗಿ ಸಿದ್ಧಪಡಿಸಿದರು. ಗುರಿ ತಪ್ಪುವ ಬಂದೂಕನ್ನು ಬೇಕೆಂದೇ ಸಿಪಾಯಿಯ ಕೈಗಿಟ್ಟ ಆ ಅಪನಂಬಿಕೆ ಇಂದಿಗೂ ನಳಿಗೆಯ ಒಳಗೋಡೆಯಲ್ಲಿ ಬೆರಳಿಗೆ ಸಿಗುತ್ತದೆ. ಇಂಥ ಕೋವಿಯೊಂದು ಯಾರದೋ ಮನೆಯಲ್ಲಿ ಸಿಕ್ಕಿ, ಒಳಗಿನ ತುಕ್ಕು ಹೋಗಲೆಂದು ಡ್ರಿಲ್ ಹಾಕಿ ಕೊರೆಸಿದರೆ ಏನಾಗುತ್ತದೆ? ಅದು ಹುಟ್ಟಿದಾಗಲೇ ನುಣುಪಾಗಿತ್ತೋ, ಗೆರೆ ಕೊರೆದದ್ದನ್ನು ಅಳಿಸಿದ್ದೋ, ಮೊನ್ನೆ ಮೆಕ್ಯಾನಿಕ್ ನುಣುಪು ಮಾಡಿದ್ದೋ ಎಂದು ಹೇಳಲು ಆಮೇಲೆ ಯಾರಿಂದಲೂ ಆಗದು. ಮೇಲ್ಮೈಯ ಮುದ್ರೆಗಳದ್ದೂ ಇದೇ ಕತೆ. ಈಸ್ಟ್ ಇಂಡಿಯಾ ಕಂಪನಿಯ ಕೋವಿಯ ಬೀಗದ, ಅಂದರೆ ಬೆಂಕಿ ಹೊತ್ತಿಸುವ ಯಂತ್ರದ, ತಗಡಿನ ಮೇಲೆ ಮೊದಮೊದಲು ಹೃದಯದ ಆಕಾರದ ವ್ಯಾಪಾರಿ ಗುರುತು ಇರುತ್ತಿತ್ತು, ಮುಂದೆ ಆ ಜಾಗಕ್ಕೆ ಕಿರೀಟ ಹಿಡಿದು ನಿಂತ ಸಿಂಹ ಬಂತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳಲ್ಲಿ ಹುಲಿಪಟ್ಟೆಯ ಅಚ್ಚು, ಹುಲಿಮುಖದ ಕೆತ್ತನೆ, ತಯಾರಾದ ಊರು, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಕಾಣುತ್ತವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ದೇಶ ದೇಶ ಸುತ್ತಿದವು. ಎಲ್ಲಿ ಸಿಕ್ಕರೂ ಅವುಗಳ ಊರನ್ನು ಹೇಳುವುದು ಆ ಅಚ್ಚುಗಳೇ. ಅಚ್ಚಿನ ಆಳ ಕೂದಲೆಳೆಯಷ್ಟು. ಬಫಿಂಗ್ ಚಕ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಕಾರ್ಖಾನೆಯ ಮುದ್ರೆಗಿಂತಲೂ ನನಗೆ ಹೆಚ್ಚಾಗಿ ಕಾಣುವುದು ಊರ ಕಮ್ಮಾರನ ಕೈಗುರುತು. ಚಕಮಕಿಯ ಕೋವಿಗೆ ಕಾಲ ಮುಗಿದ ಮೇಲೆ ಎಷ್ಟೋ ಕೋವಿಗಳ ಕಿವಿಯನ್ನು ಮುಚ್ಚಿ, ಪಕ್ಕದಲ್ಲಿ ಕೇಪು ಕೂರಿಸುವ ಸಣ್ಣ ಕೊಳವೆ ಜೋಡಿಸಿ, ಕುದುರೆಯನ್ನು ಬದಲಿಸಿದರು. ಸೀಳಿದ ಮರಕ್ಕೆ ಹಿತ್ತಾಳೆಯ ಪಟ್ಟಿ ಬಿಗಿದರು, ಮುರಿದ ಕುತ್ತಿಗೆಗೆ ಹಸಿ ತೊಗಲು ಸುತ್ತಿ ಒಣಗಲು ಬಿಟ್ಟರು. ಒಣಗಿದಾಗ ಆ ತೊಗಲು ಬಿಗಿಯುವ ಬಿಗಿ ತಂತಿಗೂ ಬಾರದು. ಕೋವಿಯ ಅಂದ ಕೆಡಿಸಿದವೆಂದು ಇವನ್ನೆಲ್ಲ ಕಿತ್ತು ಹೊಸ ತುಂಡು ಜೋಡಿಸುವವರಿದ್ದಾರೆ. ಹಾಗೆ ಕಿತ್ತಾಗ ಹೋಗುವುದು ಒಂದು ಊರು ತನ್ನ ಬಳಿಯಿದ್ದ ಒಂದೇ ಕೋವಿಯನ್ನು ಎರಡು ಮೂರು ತಲೆಮಾರು ನಡೆಸಿಕೊಂಡು ಬಂದ ದಾಖಲೆ. ಆ ಕಮ್ಮಾರನ ಹೆಸರು ಯಾವ ಕಡತದಲ್ಲೂ ಇಲ್ಲ, ಅವನ ಕೆಲಸ ಆ ತೇಪೆಯಲ್ಲಿ ಮಾತ್ರ ಇದೆ. ಬಿಚ್ಚಿದ ಬೀಗದ ಒಳಗೂ ಇಂಥದ್ದು ಸಿಗುತ್ತದೆ. ಕೈಯಿಂದ ಮಾಡಿದ ತಿರುಪುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅದಕ್ಕೇ ಕೆಲಸದವರು ತಿರುಪಿನ ಕತ್ತಿನಲ್ಲಿ ಅರದಿಂದ ಒಂದು, ಎರಡು, ಮೂರು ಎಂದು ಗೀಟು ಹಾಕಿರುತ್ತಾರೆ. ಈ ಗೀಟುಗಳನ್ನು ನೋಡದೆ ಎಲ್ಲ ತಿರುಪುಗಳನ್ನೂ ಒಂದೇ ಡಬ್ಬಿಗೆ ಹಾಕಿಕೊಳ್ಳುವ ಕೈಗೆ ಹಳೆಯ ಕೋವಿ ಕೊಡಬಾರದು.

ಹಾಗಾದರೆ ಏನೂ ಮಾಡದೆ ಬಿಡಬೇಕೇ ಎಂಬುದು ಮೊದಲ ಆಕ್ಷೇಪ. ಖಂಡಿತ ಇಲ್ಲ. ತುಕ್ಕಿನಲ್ಲಿ ಎರಡು ಬಗೆ. ಗಾಢ ಕಂದು ಇಲ್ಲವೇ ಕಪ್ಪು ಬಣ್ಣದ, ಲೋಹಕ್ಕೆ ಗಟ್ಟಿಯಾಗಿ ಅಂಟಿದ ಪದರ ಬಹುಮಟ್ಟಿಗೆ ನಿಂತುಹೋದ ತುಕ್ಕು, ಒಂದು ಲೆಕ್ಕದಲ್ಲಿ ಅದು ಲೋಹಕ್ಕೆ ಹೊದಿಕೆಯೂ ಹೌದು. ಕಿತ್ತಳೆ ಬಣ್ಣದ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವ ತುಕ್ಕು ಇನ್ನೂ ತಿನ್ನುತ್ತಲೇ ಇರುತ್ತದೆ. ವಿಶಾಖಪಟ್ಟಣದಂಥ ಕಡಲ ಊರಲ್ಲಿ ಇನ್ನೊಂದು ಶತ್ರು ಇದರ ಜೊತೆ ಸೇರುತ್ತದೆ. ಗಾಳಿಯ ಉಪ್ಪು ತುಕ್ಕಿನ ಪದರದ ಅಡಿಗೆ ಇಳಿದು, ತೇವ ಹೆಚ್ಚಿದಾಗಲೆಲ್ಲ ಆಮ್ಲದ ಸಣ್ಣ ಹನಿಗಳಾಗಿ ಹೊರಬರುತ್ತದೆ. ಆಗ ಕಬ್ಬಿಣ ಬೆವರಿದಂತೆ ಕಾಣುತ್ತದೆ, ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದಾಗಿನಂತೆ ಕಡಲ ನೀರಿನ ತುಂತುರೇ ಕಿಟಕಿ ಬಾಗಿಲು ದಾಟಿ ಒಳಬರುವ ದಿನಗಳಲ್ಲಿ ಬೀಗ ಹಾಕಿದ ಕಪಾಟೂ ರಕ್ಷಣೆಯಾಗದು. ಹಳೆಯ ಮದ್ದಿನ ಮಸಿ ಕೂಡ ಹೀಗೆಯೇ ಕೆಡುಕು ಮಾಡುತ್ತದೆ. ನೂರು ಪಾಲು ಕರಿಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಗಾಳಿಯ ತೇವವನ್ನು ಎಳೆದುಕೊಳ್ಳುವ ಲವಣಗಳಿರುತ್ತವೆ. ಕಡೆಯ ಈಡು ಹೊಡೆದ ಮೇಲೆ ಬಿಸಿನೀರಿನಲ್ಲಿ ತೊಳೆಯದೆ ಇಟ್ಟ ನಳಿಗೆ ಒಳಗಿನಿಂದಲೇ ತೂತಾಗಿರುತ್ತದೆ.

ವಿಜಯವಾಡದ ತೊಂದರೆ ಬೇರೆ ತರಹದ್ದು. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುತ್ತದೆ, ಮರ ಒಣಗಿ ಕುಗ್ಗುತ್ತದೆ. ಮಳೆ ಬಂದೊಡನೆ ಉಬ್ಬುತ್ತದೆ. ಕಬ್ಬಿಣದ ನಳಿಗೆ ಮರದ ಜೊತೆ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಹೀಗಾಗಿ ಮರ ತಿರುಪುಗಳ ಸುತ್ತ ಸೀಳು ಬಿಡುತ್ತದೆ. ಈ ಕಸುಬಿನ ನಿಜವಾದ ಗಂಟು ಇರುವುದು ಇಲ್ಲಿಯೇ: ಉಪ್ಪು ಕುಡಿದ ಕಬ್ಬಿಣಕ್ಕೆ ಗಾಳಿಯ ತೇವಾಂಶ ಶೇ 40ಕ್ಕಿಂತ ಕೆಳಗಿದ್ದಷ್ಟು ಒಳ್ಳೆಯದು, ಮರಕ್ಕೆ ಶೇ 50ರ ಆಸುಪಾಸು ಬೇಕು. ಎರಡೂ ಒಂದೇ ಕೋವಿಯಲ್ಲಿ ಕೂತಿವೆ. ಯಾವುದೋ ಒಂದಕ್ಕೆ ಪೂರ್ತಿ ಅನುಕೂಲ ಮಾಡಿದರೆ ಇನ್ನೊಂದು ಕೆಡುತ್ತದೆ, ಆದ್ದರಿಂದ ನಡುವಿನ ಒಂದು ಮಟ್ಟವನ್ನು ಆರಿಸಿ ವರ್ಷವಿಡೀ ಏರಿಳಿತವಿಲ್ಲದೆ ಕಾಯುವುದೇ ದಾರಿ. ಹಗಲು ಎಸಿ ಹಾಕಿ ಸಂಜೆ ಬಾಗಿಲು ಮುಚ್ಚುವಾಗ ಆರಿಸುವ ಕೋಣೆ ಇದಕ್ಕೆ ಅತ್ಯಂತ ಕೆಟ್ಟದ್ದು. ತಣ್ಣಗಾದ ನಳಿಗೆಯ ಮೇಲೆ ಹೊರಗಿನ ತೇವದ ಗಾಳಿ ಪ್ರತಿದಿನ ಹನಿಯಾಗಿ ಇಳಿಯುತ್ತದೆ. ಎಸಿಯೇ ಇಲ್ಲದ, ದಪ್ಪ ಗೋಡೆಯ, ಗಾಳಿಯಾಡುವ ಹಳೆಯ ಕೋಣೆ ಇದಕ್ಕಿಂತ ಎಷ್ಟೋ ವಾಸಿ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳಿಗೆ ನುಗ್ಗಿದಂತೆ ನೆರೆ ಬಂದಾಗ ನೆನೆದ ಮರವನ್ನು ಬಿಸಿಲಿಗೆ ಹಾಕುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದನ್ನೇ ಮಾಡಬಾರದು, ನೆರಳಲ್ಲಿ, ಬಟ್ಟೆ ಹೊದಿಸಿ, ನಿಧಾನವಾಗಿ ಆರಲು ಬಿಡಬೇಕು.

ಇನ್ನು ಕೆಲಸದ ಕ್ರಮ. ಅಟ್ಟದಿಂದ ಇಳಿಸಿದ ಯಾವ ಕೋವಿಯನ್ನೂ ಖಾಲಿ ಎಂದು ನಂಬಬಾರದು. ಒಣಗಿಯೇ ಉಳಿದ ಕರಿಮದ್ದು ನೂರು ವರ್ಷದ ಮೇಲೂ ಸಿಡಿಯಬಲ್ಲದು. ತೆಳ್ಳನೆಯ ಮರದ ಕೋಲೊಂದನ್ನು ನಳಿಗೆಯ ಬಾಯಿಂದ ಮೆಲ್ಲಗೆ ಇಳಿಬಿಟ್ಟು, ನಿಂತ ಜಾಗಕ್ಕೆ ಬಾಯಂಚಿನಲ್ಲಿ ಗುರುತು ಹಾಕಿ ಹೊರತೆಗೆಯುತ್ತಾರೆ. ಅದನ್ನೇ ಹೊರಗಡೆ ನಳಿಗೆಗೆ ಸಮವಾಗಿ ಹಿಡಿದಾಗ ಕೋಲಿನ ತುದಿ ಕಿವಿಯ ಮಟ್ಟದವರೆಗೆ ಬರಬೇಕು. ಎರಡು ಮೂರು ಅಂಗುಲ ಮೊದಲೇ ನಿಂತಿದ್ದರೆ ಒಳಗೆ ಈಡು ಇದೆಯೆಂದೇ ತಿಳಿಯಬೇಕು. ಆಗ ಗೀರುವುದಾಗಲಿ ಕೆದಕುವುದಾಗಲಿ ಬೇಡ, ಪೊಲೀಸರಿಗೆ ತಿಳಿಸುವುದೊಂದೇ ಮುಂದಿನ ಕೆಲಸ. ಖಾಲಿಯೆಂದು ಖಚಿತವಾದ ಮೇಲೆ ಎಲ್ಲ ಕೋನಗಳಿಂದ ಚಿತ್ರ ತೆಗೆದು, ಉದ್ದ, ಬಾಯಿಯ ಅಗಲ, ಮುದ್ರೆ, ತೇಪೆಗಳನ್ನು ಬರೆದಿಟ್ಟುಕೊಳ್ಳಬೇಕು. ಒಣ ಬ್ರಷ್ಷಿನಿಂದ ಧೂಳು, ಆಮೇಲೆ ಹಗುರ ಎಣ್ಣೆಯಲ್ಲಿ ನೆನೆಸಿ ಬಿಟ್ಟ ತುಕ್ಕಿನ ಪುಡಿ. ಪುಡಿ ಕೆರೆಯಲು ಬಿದಿರಿನ ಕಡ್ಡಿ ಸಾಕು, ಅದು ಲೋಹಕ್ಕಿಂತ ಮೆತ್ತಗಿರುವುದರಿಂದ ಅಚ್ಚನ್ನು ಮುಟ್ಟುವುದಿಲ್ಲ. ಹಟ ಹಿಡಿದ ತುಕ್ಕಿಗೆ ಸಂರಕ್ಷಣಾ ತಜ್ಞರು ಟ್ಯಾನಿಕ್ ಆಮ್ಲ ಬಳಸುತ್ತಾರೆ. ಅಳಲೆಕಾಯಿಯ ಒಗರಿನಲ್ಲಿ ಕಬ್ಬಿಣ ಬೆರೆತಾಗ ಕಪ್ಪು ಮಸಿಯಾಗುವ ಅದೇ ಕ್ರಿಯೆ ಇಲ್ಲಿ ತುಕ್ಕನ್ನು ಕಪ್ಪಾದ, ತಟಸ್ಥವಾದ ಪದರವಾಗಿ ಮಾರ್ಪಡಿಸುತ್ತದೆ. ಬಣ್ಣ ಬದಲಾಗುವುದರಿಂದ ಇದನ್ನು ಮನೆಯಲ್ಲಿ ಪ್ರಯೋಗಿಸುವುದು ತರವಲ್ಲ. ಕಡೆಗೆ ಲೋಹದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳುವಾದ ಲೇಪ. ಬೇಕೆಂದಾಗ ಇದನ್ನು ಮತ್ತೆ ತೆಗೆಯಬಹುದು. ಮರಕ್ಕೆ ವಾರ್ನಿಷ್ ಕೂಡದು, ಅಗಸೆ ಎಣ್ಣೆ ಕೂಡ ಬೇಡ. ಅದು ಮರದೊಳಗೆ ಗಟ್ಟಿಯಾಗಿ ಕಪ್ಪಾದ ಮೇಲೆ ತೆಗೆಯಲು ಬರುವುದಿಲ್ಲ. ಕೊಬ್ಬರಿ ಎಣ್ಣೆ ಕಮಟಿ ಅಂಟಾಗುತ್ತದೆ. ಹಿತ್ತಾಳೆಗೆ ಹಚ್ಚಿದ ಹುಣಸೆಯ ಹುಳಿ ಸಂದಿಗೆ ಇಳಿದು ಅಡಿಯ ಕಬ್ಬಿಣದ ತಿರುಪನ್ನು ತಿನ್ನುತ್ತದೆ. ಕೋವಿಯನ್ನು ಹಿಡಿ ಕೆಳಗಾಗಿ ನಿಲ್ಲಿಸಿಟ್ಟರೆ ನಳಿಗೆಯ ಎಣ್ಣೆ ಜಾರಿ ಮರದ ಕುತ್ತಿಗೆಗೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಅಡ್ಡವಾಗಿ ಮಲಗಿಸುವುದು ಮೇಲು.

ಎರಡನೆಯ ಆಕ್ಷೇಪ ಕೊಡಗಿನ ಕಡೆಯಿಂದ ಬರುತ್ತದೆ, ಅದಕ್ಕೆ ತೂಕವೂ ಇದೆ. ಅಲ್ಲಿ ಕೋವಿ ಸತ್ತ ವಸ್ತುವಲ್ಲ. ಸೆಪ್ಟೆಂಬರ್ 3ರ ಆಸುಪಾಸಿನ ಕೈಲ್ ಪೊಳ್ದ್ ಆಯುಧಹಬ್ಬದ ದಿನ ಅದನ್ನು ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ, ಕುಲದ ಐನ್‌ಮನೆಯಲ್ಲಿ ದೀಪದ ಮುಂದೆ ಇಟ್ಟು ಪೂಜಿಸುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರುತ್ತದೆ, ಗಂಡುಮಗು ಹುಟ್ಟಿದರೂ ಈಡು, ಸಾವಾದರೂ ಈಡು. 1861ರಿಂದ ಕೊಡವರಿಗೆ ದೊರೆತ ಪರವಾನಗಿಯ ವಿನಾಯಿತಿ ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ದೇವರ ಮುಂದೆ ಇಡುವ ಕೋವಿ ಕಳೆಗುಂದಿ ಕೂತಿರಬೇಕೇ ಎಂದು ಅವರು ಕೇಳಿದರೆ ಉತ್ತರ ಹೀಗೆ: ವರ್ಷಕ್ಕೊಮ್ಮೆಯಾದರೂ ಕೋವಿ ಇಳಿಸಿ ಎಣ್ಣೆಯ ಬಟ್ಟೆಯಲ್ಲಿ ಒರೆಸುವ ಈ ಪದ್ಧತಿಗಿಂತ ಒಳ್ಳೆಯ ಸಂರಕ್ಷಣೆ ಇನ್ನೊಂದಿಲ್ಲ. ಕೊಡಗಿನಷ್ಟು ಮಳೆ ಬೀಳುವ ನಾಡಿನಲ್ಲಿ ಹಳೆಯ ಕೋವಿಗಳು ಉಳಿದು ಬಂದದ್ದಕ್ಕೆ ಈ ಹಬ್ಬವೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಒರೆಸುವುದಕ್ಕೂ ಉಜ್ಜಿ ತೆಗೆಯುವುದಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬಾರದು. ಒರೆಸಿದ ಕೋವಿ ವರ್ಷದಿಂದ ವರ್ಷಕ್ಕೆ ಅದೇ ಕೋವಿಯಾಗಿರುತ್ತದೆ. ಗಂಧ ಕುಂಕುಮ ಇಟ್ಟರೆ ಸಂಜೆಯೊಳಗೆ ಒದ್ದೆ ಬಟ್ಟೆಯಲ್ಲೂ ಆಮೇಲೆ ಒಣ ಬಟ್ಟೆಯಲ್ಲೂ ಒರೆಸಿ ತೆಗೆದರೆ ಪೂಜೆಗೂ ಕುಂದಿಲ್ಲ, ಕಬ್ಬಿಣಕ್ಕೂ ಕೇಡಿಲ್ಲ. ಆಯುಧಪೂಜೆ ಮಾಡುವ ವಿಜಯವಾಡದ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಕೋವಿಯೆಂದ ಮೇಲೆ ಗುಂಡು ಹಾರಬೇಕು, ಹಾರದ ಕೋವಿ ಬರೀ ಕಬ್ಬಿಣದ ಕೊಳವೆ ಎನ್ನುವವರು ಇನ್ನೊಂದು ಗುಂಪು. ಈ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಂತ್ರವನ್ನು ಅದರ ಚಲನೆಯಲ್ಲಿ ನೋಡುವುದರಿಂದ ಮಾತ್ರ ತಿಳಿಯುವ ವಿಷಯಗಳಿವೆ. ಆದರೆ ಆ ಹಳೆಯ ನಳಿಗೆಗಳಲ್ಲಿ ಬಹಳಷ್ಟು ಕಬ್ಬಿಣದ ಪಟ್ಟಿಯನ್ನು ಸುತ್ತಿ, ಕಾಯಿಸಿ, ಬಡಿದು ಬೆಸೆದವು. ಬೆಸುಗೆಯ ಅಂಚಿನಲ್ಲಿ ತುಕ್ಕು ಎಷ್ಟು ಆಳ ಇಳಿದಿದೆಯೆಂದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಬುಡದ ಮುಚ್ಚಳದ ಎಳೆಗಳು ಸವೆದಿದ್ದರೆ ಅದು ಹಾರುವುದು ಹೊಡೆಯುವವನ ಕಣ್ಣಿನ ಕಡೆಗೆ. ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 45ರ ಪ್ರಕಾರ, ಬಳಕೆಯಿಂದ ಹೋದ ಮಾದರಿಯ, ಪುರಾತನ ಮೌಲ್ಯದ ಅಥವಾ ಹಾಳಾದ ಆಯುಧ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಅದನ್ನು ಇಟ್ಟುಕೊಳ್ಳಲು ಕಾಯ್ದೆ ಅಡ್ಡಬರುವುದಿಲ್ಲ. ಹಾರಿಸಬಲ್ಲ ಸ್ಥಿತಿಗೆ ತಂದ ಕ್ಷಣ ಅದು ಪರವಾನಗಿ ಬೇಕಾದ ಬಂದೂಕು. ಬಂದೂಕು ದುರಸ್ತಿ ಮಾಡುವವರಿಗೂ ಪರವಾನಗಿ ಬೇಕು. ಅಷ್ಟೇ ಅಲ್ಲ, 100 ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಕರಿಮದ್ದಿನ ಈಡಿನ ಅನುಭವ ಬೇಕಾದವರಿಗಾಗಿ 1853ರ ಎನ್‌ಫೀಲ್ಡಿನ ಹೊಸ ಪ್ರತಿಕೃತಿಗಳನ್ನು ಹೊರದೇಶಗಳಲ್ಲಿ ಗಟ್ಟಿ ಉಕ್ಕಿನಲ್ಲೇ ಮಾಡುತ್ತಾರೆ. ಆ ಕೆಲಸಕ್ಕೆ ಪ್ರತಿಕೃತಿ ಸಾಕು, ಮೂಲವನ್ನು ಬಲಿ ಕೊಡಬೇಕಾಗಿಲ್ಲ.

ಕೊಲ್ಲುವ ಸಾಧನವನ್ನು ಇಷ್ಟು ಅಕ್ಕರೆಯಿಂದ ಕಾಯುವುದೇ ತಪ್ಪಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಬೊಬ್ಬಿಲಿಯಲ್ಲಿ ನಡೆದದ್ದನ್ನು ಓದಿದ ಯಾರಿಗೂ ಈ ಪ್ರಶ್ನೆ ಬಾರದಿರದು. ನನ್ನ ಉತ್ತರ ಇಷ್ಟೇ: ಹೊಳಪು ಕೊಟ್ಟ ಕೋವಿ ಯುದ್ಧವನ್ನು ಅಲಂಕಾರವಾಗಿ ಕಾಣಿಸುತ್ತದೆ. ಸೀಳಿದ ಮರ, ಸುಟ್ಟ ಕಿವಿ, ಗಜ ಜಡಿದು ಜಡಿದು ಸವೆದ ಬಾಯಂಚು ಹಾಗೇ ಇರುವ ಕೋವಿ ಅದರ ನಿಜವಾದ ಮುಖ ತೋರಿಸುತ್ತದೆ. ಇನ್ನೂ ಒಂದು ಮಾತು. ಎಲ್ಲ ಕೋವಿಗಳೂ ರಾಜರ ಪಡೆಗಳವಲ್ಲ. ವಿಶಾಖಪಟ್ಟಣದ ಪಶ್ಚಿಮಕ್ಕೆ ಏರುವ ಮನ್ಯದ ಬೆಟ್ಟಗಳಲ್ಲಿ ತೆಲುಗರು ನಾಟು ತುಪಾಕಿ ಎನ್ನುವ, ಬಾಯಿಂದ ತುಂಬುವ ಒಂಟಿ ನಳಿಗೆಯ ಕೋವಿಗಳು ಬೇಟೆಗೂ ಹಂದಿಗಳಿಂದ ಬೆಳೆ ಕಾಯುವುದಕ್ಕೂ ಬಳಕೆಯಲ್ಲಿದ್ದವು. 1879ರ ರಂಪ ದಂಗೆಯ ಕಾಲದ ಬೆಟ್ಟದವರ ಕೈಯಲ್ಲೂ ಬತ್ತಿಯ ಕೋವಿಗಳಿದ್ದವು. 1922ರ ಆಗಸ್ಟಿನಲ್ಲಿ ಅಲ್ಲೂರಿ ಸೀತಾರಾಮರಾಜು ಚಿಂತಪಲ್ಲಿ, ಕೃಷ್ಣದೇವಿಪೇಟ, ರಾಜವೊಮ್ಮಂಗಿ ಠಾಣೆಗಳಿಗೆ ನುಗ್ಗಿದ್ದು ಸರ್ಕಾರಿ ಬಂದೂಕುಗಳಿಗಾಗಿ. ಆಧುನಿಕ ಬಂದೂಕಿನ ಮುಂದೆ ಹಳೆಯ ಕೋವಿ ಎಷ್ಟು ನಿಸ್ಸಹಾಯಕವೆಂದು ಬೆಟ್ಟದವರಿಗೆ ಗೊತ್ತಿತ್ತು. ಆ ಹಳೆಯ ಕೋವಿಗಳನ್ನು ಮುಂದಿಟ್ಟುಕೊಳ್ಳದೆ ಆ ಹೋರಾಟದ ಧೈರ್ಯದ ಅಳತೆ ನಮಗೆ ಸಿಗುವುದಿಲ್ಲ.

ಹಾಗೆಂದೇ ಪೊಲೀಸರು ಆಗಾಗ ಹಳ್ಳಿಗಳಿಂದ ನಾಡಕೋವಿಗಳನ್ನು ಒಪ್ಪಿಸಿಕೊಳ್ಳುವಾಗ ಒಂದು ಕೆಲಸವನ್ನು ಸೇರಿಸಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ಪರವಾನಗಿಯಿಲ್ಲದ, ಗುಂಡು ಹಾರುವ ಬಂದೂಕು ಹಳ್ಳಿಯಲ್ಲಿ ಉಳಿಯಬಾರದು ಎನ್ನುವುದರಲ್ಲಿ ಎರಡು ಮಾತಿಲ್ಲ. ಅಕ್ರಮವಾಗಿ ಮೊನ್ನೆ ಮೊನ್ನೆ ಬೆಸೆದ ಕೊಳವೆಗಳ ರಾಶಿಯಲ್ಲಿ ಕಂಪನಿಯ ಸಿಂಹದ ಮುದ್ರೆಯದ್ದೋ, ಚಕಮಕಿಯಿಂದ ಕೇಪಿಗೆ ಬದಲಾದದ್ದೋ ಒಂದು ಸೇರಿಕೊಂಡಿದ್ದರೆ ಅದು ಗುಜರಿಯ ಜೊತೆ ತುಂಡಾಗುವ ಮೊದಲು ನೋಡಬಲ್ಲ ಒಬ್ಬರ ಕಣ್ಣಿಗೆ ಬೀಳಬೇಕು. ಕಿವಿಯನ್ನು ಮುಚ್ಚಿ, ಬುಡದಲ್ಲಿ ಒಂದು ಅಡ್ಡಕಡ್ಡಿ ಬೆಸೆದು ಅದನ್ನು ಶಾಶ್ವತವಾಗಿ ಹಾರದಂತೆ ಮಾಡಿ ವಸ್ತುಸಂಗ್ರಹಾಲಯಕ್ಕೆ ಕೊಡುವುದು ಸಾಧ್ಯ. ನಳಿಗೆಯನ್ನು ಮೂರು ತುಂಡು ಮಾಡಿದ ಮೇಲೆ ಏನೂ ಸಾಧ್ಯವಿಲ್ಲ. ತಜ್ಞರು ನಮ್ಮಲ್ಲಿ ಇಲ್ಲವೆಂದಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಒಂದು ಕಾಲಕ್ಕೆ ವಿಶಾಖಪಟ್ಟಣ, ವಿಜಯವಾಡಗಳೆರಡೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ರಾಜಧಾನಿಯಾಗಿದ್ದ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿ ರಾಸಾಯನಿಕ ಸಂರಕ್ಷಣೆಯ ಪ್ರಯೋಗಾಲಯ 1930ರಿಂದ ಇದೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ದೊಡ್ಡ ಆಯುಧ ಸಂಗ್ರಹವೇ ಇದೆ. ಕೊಡಗು, ದಕ್ಷಿಣ ಕನ್ನಡ, ಮನ್ಯದ ಜಿಲ್ಲೆಗಳ ಪೊಲೀಸ್ ಶಸ್ತ್ರಾಗಾರಗಳಿಗೆ ಈ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಒಬ್ಬರು ಹೋಗಿ ನೋಡುವ ಏರ್ಪಾಡಾದರೆ, ಒಪ್ಪಿಸಿದ ರೈತನ ಊರು, ಕೋವಿಯ ಅಳತೆ, ಮುದ್ರೆಯ ಚಿತ್ರ ಇಷ್ಟನ್ನಾದರೂ ಒಂದು ಪುಟದಲ್ಲಿ ಬರೆದಿಟ್ಟ ಮೇಲೆಯೇ ಗ್ಯಾಸ್ ಕಟರ್ ಹಚ್ಚಬಹುದು.